ಬೆನ್ನುಹುರಿಯ ಚಾಡಿ

ಚಳಿ ಹಿಂದೆ ಸರಿದು, ಬೆಳಗ್ಗೆ ಬೆನ್ನಿಗೆ ಹಿತವಾಗಿದ್ದ ಬಿಸಿಲು ಹತ್ತು ಗಂಟೆಯ ಹೊತ್ತಿಗೇ ಚುರುಕು ಮುಟ್ಟಿಸುವ ಕಾಲ. ಕುರಿಗಳ ಮೈಮೇಲೆ ಒಂದು ವರ್ಷದ ಉಣ್ಣೆ ದಪ್ಪಗೆ ಬೆಳೆದಿತ್ತು. ನೆರಳು ಕಂಡಲ್ಲೆಲ್ಲ ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ನಿಲ್ಲುತ್ತಿದ್ದವು. ಆ ಮನೆಯಲ್ಲಿ ಉಣ್ಣೆ ತೆಗೆಯುವ ಕೆಲಸ ಶುರುವಾಗಿ ಮೂರು ದಿನವಾಗಿತ್ತು. ದೊಡ್ಡಿಯ ಪಕ್ಕದ ತಗಡಿನ ಮಾಡಿನ ಕೆಳಗೆ ಹಲಗೆ ಹಾಸಿ, ಅದರ ಮೇಲೆ ಕುರಿಯನ್ನು ಹಿಡಿದುಕೊಂಡು ಗಂಡ ಕತ್ತರಿ ಆಡಿಸುತ್ತಿದ್ದ. ಹೆಂಡತಿ ಎರಡು ಮಾರು ದೂರದಲ್ಲಿ, ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತು ಎಡಗೈಯಿಂದ ಉಣ್ಣೆಗೆ ಅಂಟಿದ ಮುಳ್ಳು ಆರಿಸುತ್ತಿದ್ದಳು. ಬಲಗೈ ಮಡಿಲಲ್ಲಿ ಸುಮ್ಮನೆ ಮಲಗಿತ್ತು. ಮಣಿಕಟ್ಟಿನಿಂದ ಮೊಣಕೈವರೆಗೆ ಅದಕ್ಕೊಂದು ಕೆಂಪು ಬಟ್ಟೆ.

“ಹೊಟ್ಟೆ ಮೊದಲು ಅಂತ ಎಷ್ಟು ಸಲ ಹೇಳೋದು ರೀ,” ಅಂದಳು. “ಹೊಟ್ಟೆ ಬಿಟ್ಟು ಬೆನ್ನಿಗೆ ಹೋದ್ರೆ ಅದು ಒದೆಯದೆ ಇನ್ನೇನು ಮಾಡುತ್ತೆ?”

“ಇದು ನನ್ನ ಕ್ರಮ ಕಣೇ.”

“ಕ್ರಮ ಅಲ್ಲ, ಆ ಕುರಿಯ ಗ್ರಹಚಾರ.”

ಗಂಡ ನಕ್ಕ. ನಗುವಾಗ ಕತ್ತರಿ ಅಲುಗಾಡಿ ಕುರಿಯ ಪಕ್ಕೆಯ ಮೇಲೆ ಇನ್ನೊಂದು ಮೆಟ್ಟಿಲು ಬಿತ್ತು. ಉಣ್ಣೆ ಒಂದೇ ಸಮನಾಗಿ ಬರದೆ ಏರುತಗ್ಗಾಗಿ ಉಳಿದರೆ ಅದನ್ನು ಅವರು ಮೆಟ್ಟಿಲು ಅನ್ನುತ್ತಿದ್ದರು. ಅವನು ಬಿಟ್ಟ ಕುರಿಗಳೆಲ್ಲ ಮೆಟ್ಟಿಲು ಹೊತ್ತುಕೊಂಡೇ ಬಯಲಿಗೆ ಹೋಗುತ್ತಿದ್ದವು.

ಸುತ್ತಲಿನವರಿಗೆ ಅವಳು ಕತ್ತರಿಯಕ್ಕ. ಮದುವೆಯಾಗಿ ಬಂದ ಮೊದಲ ವರ್ಷವೇ ಆ ಹೆಸರು ಬಿದ್ದಿತ್ತು. ಕುರಿಯನ್ನು ಮಗುವನ್ನು ಕೂಡಿಸಿದ ಹಾಗೆ ಹಿಂಭಾಗದ ಮೇಲೆ ಕೂಡಿಸಿ, ತನ್ನ ಮೊಣಕಾಲುಗಳ ನಡುವೆ ಒರಗಿಸಿಕೊಳ್ಳುತ್ತಿದ್ದಳು. ನಾಲ್ಕು ಕಾಲೂ ನೆಲ ಬಿಟ್ಟ ಕುರಿ ಎಂಥ ಪೋಕರಿಯಾದರೂ ಮೆತ್ತಗಾಗುತ್ತದೆ. ಆಮೇಲೆ ಹೊಟ್ಟೆ, ತೊಡೆ, ಕತ್ತು, ಬೆನ್ನು. ಅವಳು ಎದ್ದು ನಿಂತಾಗ ಉಣ್ಣೆ ಹಲಗೆಯ ಮೇಲೆ ಕಂಬಳಿ ಹಾಸಿದಂತೆ ಇಡಿಯಾಗಿ ಬಿದ್ದಿರುತ್ತಿತ್ತು, ಕುರಿ ತನಗೇನಾಯಿತು ಎಂದು ತಿಳಿಯದೆ ನಿಂತಿರುತ್ತಿತ್ತು.

ಹೋದ ವರ್ಷ ಇದೇ ಕಾಲದಲ್ಲಿ, ಕತ್ತರಿ ಮಸೆದಿಟ್ಟ ಮರುದಿನ, ಟಗರೊಂದು ಅವಳ ಬಲಗೈಯನ್ನು ದೊಡ್ಡಿಯ ಕಂಬಕ್ಕೆ ಒತ್ತಿ ಗುದ್ದಿತು. ಮೂಳೆ ಮುರಿಯಿತು. ಸುದ್ದಿ ಕೇಳಿ ಗಂಡನ ತಂಗಿ ಗುಡ್ಡದ ಮೇಲಿನ ತನ್ನ ಮನೆಯಿಂದ ಇಳಿದು ಬಂದಳು. ನಾಲ್ಕು ದಿನ ಬಗ್ಗಿದ ಸೊಂಟ ಎತ್ತದೆ ಅರವತ್ತೆರಡು ಕುರಿಗಳ ಉಣ್ಣೆ ತೆಗೆದುಕೊಟ್ಟಳು. ಆ ಮನೆಗಳ ನಡುವೆ ಇಂಥ ಕೆಲಸಕ್ಕೆ ದುಡ್ಡಿನ ಮಾತಿರಲಿಲ್ಲ. ಕುರಿಗೆ ಕುರಿ, ನೀನು ನನ್ನದಕ್ಕೆ ಬಗ್ಗಿದರೆ ನಾನು ನಿನ್ನದಕ್ಕೆ ಬಗ್ಗಬೇಕು, ಅಷ್ಟೇ. ಆದರೆ ನಾದಿನಿ ಹೊರಡುವಾಗ ಬಾಗಿಲಲ್ಲಿ ನಿಂತು, “ಇದನ್ನ ಸಾಲ ಅಂದ್ಕೋಬೇಡಿ ಅತ್ತಿಗೆ,” ಅಂದಿದ್ದಳು.

ಎರಡು ತಿಂಗಳಲ್ಲಿ ಮೂಳೆ ಕೂಡಿತು. ಮೂಳೆಯ ಡಾಕ್ಟರು ಚಿತ್ರವನ್ನು ಬೆಳಕಿಗೆ ಹಿಡಿದು, ಮೊದಲಿಗಿಂತ ಗಟ್ಟಿಯಾಗಿದೆ ಎಂದರು. ನೋವಿಗೆ ಮಾತ್ರ ಆ ಚಿತ್ರ ಯಾರೂ ತೋರಿಸಿರಲಿಲ್ಲ. ಅದು ದಿನೇ ದಿನೇ ಹೆಚ್ಚಿತು. ರವಿಕೆಯ ತೋಳು ಸವರಿದರೆ ಕೆಂಡ ಸುರಿದಂತೆ. ಗಾಳಿ ಬೀಸಿದರೂ ಕೈ ಎದೆಗೆ ಅವುಚಿಕೊಳ್ಳಬೇಕು. ಉಣ್ಣೆಯ ಮಾತಂತೂ ಕೇಳುವುದೇ ಬೇಡ. ಮೂಳೆ ಕೂಡಿದೆಯಂತೆ, ನೋವು ಮಾತ್ರ ಕೆಲಸ ಬಂದಾಗಷ್ಟೇ ಬರುತ್ತಂತೆ ಎಂದು ಜನ ಅಂದದ್ದು ಅವಳ ಕಿವಿಗೂ ಬಿತ್ತು. ಅದನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ನಾದಿನಿಯ ಮೆತ್ತನೆಯ ದನಿ, ‘ನೀನು’ ಬಿಟ್ಟು ಹಿಡಿದ ‘ನೀವು’. ನಾದಿನಿಯ ಬಾಯಿ ಕತ್ತರಿಗಿಂತ ಹರಿತ. ಇಪ್ಪತ್ತು ವರ್ಷದಲ್ಲಿ ಅತ್ತಿಗೆಯ ಅಡುಗೆ, ನಡಿಗೆ, ಗೊರಕೆ ಯಾವುದನ್ನೂ ಅವಳು ಬಿಟ್ಟಿರಲಿಲ್ಲ. ಈಗ ಬಂದಾಗಲೆಲ್ಲ ಹಾಸಿಗೆ ಹಿಡಿದವರನ್ನು ನೋಡಲು ಬಂದವಳಂತೆ ಚಾಪೆಯ ತುದಿಯಲ್ಲಿ ಕೂತು, “ಊಟ ಸೇರುತ್ತಾ ಅತ್ತಿಗೆ?” ಅನ್ನುತ್ತಿದ್ದಳು.

ಗುಡ್ಡದ ಮೇಲೆ ಚಳಿ ತಡವಾಗಿ ಬಿಡುತ್ತದೆ. ನಾದಿನಿಯ ಮನೆಯಲ್ಲಿ ಉಣ್ಣೆ ತೆಗೆಯಲು ಇನ್ನೂ ಆರು ವಾರವಿತ್ತು. ಅಷ್ಟರಲ್ಲಿ ಈ ಕೈ ಕತ್ತರಿ ಹಿಡಿಯದಿದ್ದರೆ ಅವಳು ಬಾಗಿಲಲ್ಲಿ ನಿಂತು ಹೇಳಿದ ಮಾತು ನಿಜವಾಗಿಬಿಡುತ್ತದೆ ಎಂದು ಕತ್ತರಿಯಕ್ಕನಿಗೆ ಗೊತ್ತಿತ್ತು. ತೀರಿಸಲಾರದವರಿಗೆ ಕೊಟ್ಟದ್ದನ್ನಷ್ಟೇ ಯಾರೂ ಸಾಲ ಅನ್ನುವುದಿಲ್ಲ.

ಮರುವಾರ ಗಂಡ ಹೆಂಡತಿ ಬಸ್ಸು ಹತ್ತಿ ದೊಡ್ಡ ಆಸ್ಪತ್ರೆಗೆ ಹೋದರು. ಮೂಳೆಯ ಡಾಕ್ಟರೇ ಅಲ್ಲಿನ ನೋವಿನ ಡಾಕ್ಟರಮ್ಮನಿಗೆ ಚೀಟಿ ಬರೆದುಕೊಟ್ಟಿದ್ದರು. ಆಕೆ ಮಧ್ಯವಯಸ್ಸಿನವರು, ಕೂದಲು ಗಿಡ್ಡ, ಮೇಜಿನ ಮೇಲೆ ಕುಡಿಯಲು ಮರೆತ ಚಹಾ. ಕೈಯನ್ನು ಮುಟ್ಟದೆ ದೂರದಿಂದಲೇ ನೋಡಿ ಮೊದಲು ಕೇಳಿದ್ದು ಒಂದೇ.

“ಈ ಕೆಂಪು ಬಟ್ಟೆ ಯಾರು ಕಟ್ಟಿದ್ದು?”

“ನಾನೇ,” ಅಂದ ಗಂಡ, ಸ್ವಲ್ಪ ಹೆಮ್ಮೆಯಿಂದ. “ಗಾಯ ಆದ ಕುರಿಗೆ ನಾವು ಕೆಂಪು ಬಣ್ಣ ಬಳಿದಿರ್ತೀವಿ ಡಾಕ್ಟರಮ್ಮ. ದೂರದಿಂದ್ಲೇ ಕಾಣ್ಬೇಕು, ಯಾರೂ ಆ ಕಡೆಯಿಂದ ಹಿಡೀಬಾರದು, ಬೇರೆ ಕುರಿ ಜೊತೆ ನೂಕಬಾರದು ಅಂತ. ಇವಳ ಕೈಗೆ ಬಣ್ಣ ಬಳಿಯೋಕೆ ಆಗುತ್ತಾ? ಅದಕ್ಕೆ ಬಟ್ಟೆ. ಅಲುಗದ ಹಾಗೆ ಕಟ್ಟಿದ್ರೆ ಅಷ್ಟು ಉರಿಯಲ್ಲ.”

“ಒಳ್ಳೇದು. ಕುರಿ ಗಾಯ ಮಾಯ್ದ ಮೇಲೆ ಬಣ್ಣ ಹೇಗೆ ತೆಗೀತೀರಿ?”

“ತೆಗೆಯೋದೇನು ಬಂತು. ಉಣ್ಣೆ ಜೊತೆ ಬೆಳೆಯುತ್ತೆ, ಉಣ್ಣೆ ಜೊತೆ ಕತ್ತರಿಸಿ ಹೋಗ...” ಅಷ್ಟು ಹೇಳಿ ಗಂಡ ನಿಲ್ಲಿಸಿದ. ಹೆಂಡತಿಯ ಕೈಯನ್ನು ಒಮ್ಮೆ ನೋಡಿದ. ಹನ್ನೊಂದು ತಿಂಗಳಿಂದ ಆ ಬಟ್ಟೆಯನ್ನು ಒಗೆದು ಒಗೆದು ಅವನೇ ಮತ್ತೆ ಕಟ್ಟುತ್ತಿದ್ದ. ಮನೆಗೆ ಬಂದವರೆಲ್ಲ ಮೊದಲು ಬಟ್ಟೆ ನೋಡಿ, ಆಮೇಲೆ ಅಯ್ಯೋ ಪಾಪ ಅನ್ನುತ್ತಿದ್ದರು. ಡಾಕ್ಟರಮ್ಮ ಕಾಗದದಲ್ಲಿ ಬರೆದುಕೊಂಡರು.

ಆ ಆಸ್ಪತ್ರೆಯಲ್ಲಿ ಇಂಥ ನೋವಿನ ಬಗ್ಗೆ ಒಂದು ಅಧ್ಯಯನ ನಡೆಯುತ್ತಿತ್ತು. ಮಿದುಳನ್ನೂ ಕತ್ತಿನೊಳಗಿನ ಬೆನ್ನುಹುರಿಯನ್ನೂ ಒಟ್ಟಿಗೆ ನೋಡುವ ಯಂತ್ರವಿತ್ತು. ಇದರಿಂದ ಚಿಕಿತ್ಸೆ ಆಗುವುದಿಲ್ಲ, ನಮಗೆ ಕಲಿಯಲು ಬೇಕು, ಮನಸ್ಸಿದ್ದರೆ ಬನ್ನಿ ಎಂದು ಡಾಕ್ಟರಮ್ಮ ಹೇಳಿದರು. ಕತ್ತರಿಯಕ್ಕ ಒಪ್ಪಿದಳು. ಮೈಮೇಲೆ ಲೋಹದ ವಸ್ತು ಏನಾದರೂ ಇದೆಯೇ ಎಂದು ದಾದಿ ಕೇಳಿದಾಗ ಅವಳ ಚೀಲದಿಂದ ಗೊರಸು ಕೆರೆಯುವ ಚಾಕು, ಎರಡು ಮೊಳೆ, ಒಂದು ಸುರುಳಿ ತಂತಿ, ದೊಡ್ಡಿಯ ಬೀಗದ ಕೈ ಒಂದೊಂದಾಗಿ ಹೊರಬಂದವು.

“ಆಸ್ಪತ್ರೆಗೆ ಬಂದಿದ್ದೀರೋ, ಬೇಲಿ ಕಟ್ಟೋಕೆ ಬಂದಿದ್ದೀರೋ?” ಅಂದಳು ದಾದಿ.

ಯಂತ್ರ ಸುರಂಗದಂತಿತ್ತು; ಒಳಗೆ ತಗಡಿನ ಮಾಡಿನ ಮೇಲೆ ಆಲಿಕಲ್ಲು ಬಿದ್ದಂಥ ಸದ್ದು. ಅಲುಗಾಡಬಾರದು. ಮೊದಲು ಎಡಗೈಯನ್ನು ಮೆತ್ತನೆಯ ಕುಂಚದಿಂದ ಸವರಿದರು, ಕಚಗುಳಿಯಾಯಿತು. ಆಮೇಲೆ ಬಲಗೈ. ಕೆಂಡ. ಹಲ್ಲು ಕಚ್ಚಿದಳು. ಸ್ವಲ್ಪ ಬಿಟ್ಟು ಡಾಕ್ಟರಮ್ಮನ ದನಿ ಕಿವಿಯ ಹತ್ತಿರ ಕೇಳಿಸಿತು: “ಅಮ್ಮ, ಈಗ ಅದೇ ಕುಂಚ ಮತ್ತೆ ಬರುತ್ತೆ. ನೀವು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಒಂದು ಕುರಿ ಉಣ್ಣೆ ತೆಗೀರಿ. ಮೊದಲಿಂದ ಕೊನೆವರೆಗೆ, ಒಂದು ಹಿಡಿ ಕೂಡ ಬಿಡಬಾರದು.”

ಅವಳು ತೆಗೆದಳು. ಮನಸ್ಸಿನಲ್ಲಿ ಆಯ್ದುಕೊಂಡದ್ದು ಒಂದು ಬಿಳಿ ಹೆಣ್ಣುಕುರಿಯನ್ನು. ಅದರ ಕತ್ತಿನ ಮಡಿಕೆಗಳಲ್ಲಿ ಕತ್ತರಿ ಸಿಕ್ಕಿಕೊಳ್ಳುತ್ತದೆ, ಹುಷಾರಾಗಿರಬೇಕು. ಹೊಟ್ಟೆ ಮುಗಿಸಿದಳು, ತೊಡೆ ಮುಗಿಸಿದಳು. ಕತ್ತಿನ ಮಡಿಕೆಯನ್ನು ಎಡಗೈಯಿಂದ ಎಳೆದು ನೀಟಾಗಿಸಿಕೊಳ್ಳುವಾಗ ಕುಂಚದ ನೆನಪಾಯಿತು. ಅದು ಬಂದು ಹೋಗುತ್ತಲೇ ಇತ್ತು. ಸುಡುತ್ತಿತ್ತು, ನಿಜ. ಆದರೆ ಪಕ್ಕದ ಮನೆಯ ಒಲೆ ಉರಿದಂತೆ.

ಮಧ್ಯಾಹ್ನ ಡಾಕ್ಟರಮ್ಮ ಇಬ್ಬರನ್ನೂ ಕೂಡಿಸಿ ಪರದೆಯ ಮೇಲೆ ಚಿತ್ರಗಳನ್ನು ತೋರಿಸಿದರು. ಎಡಗೈ ಸವರಿದಾಗ ಬೆನ್ನುಹುರಿಯಲ್ಲಿ ಒಂದು ಚುಕ್ಕೆ, ಮಿದುಳಿನಲ್ಲಿ ನಾಲ್ಕೈದು. ಬಲಗೈ ಸವರಿದಾಗ ಬೆನ್ನುಹುರಿಯಲ್ಲಿ ಬೆರಳುದ್ದದ ಕಿತ್ತಳೆ ಬಣ್ಣ, ಮಿದುಳಿನಲ್ಲಿ ಎಲ್ಲ ಕೋಣೆಗಳಲ್ಲೂ ದೀಪ ಹೊತ್ತಿಸಿದಂತೆ.

“ಕೈಯ ಸುದ್ದಿ ನೇರ ಮಿದುಳಿಗೆ ಹೋಗಲ್ಲ. ಮೊದಲು ಬೆನ್ನುಹುರಿಗೆ, ಅಲ್ಲಿಂದ ಮೇಲಕ್ಕೆ,” ಅಂದರು. “ಮೂಳೆ ಮುರಿದಾಗ ಹಗಲೂ ರಾತ್ರಿ ದೊಡ್ಡ ಸುದ್ದಿ ಬರ್ತಾ ಇತ್ತಲ್ಲ, ಆಗ ಬೆನ್ನುಹುರಿ ಕಿವಿ ಚುರುಕು ಮಾಡ್ಕೊಂಡಿತು. ಮೂಳೆ ಕೂಡಿದ್ರೂ ಆ ಚುರುಕು ಇಳಿದಿಲ್ಲ. ಈಗ ಗರಿ ಸೋಕಿದ್ರೂ ಬೆಂಕಿ ಬಿತ್ತು ಅಂತ ಮೇಲೆ ಹೇಳ್ತಿದೆ. ಮಿದುಳು ಪಾಪ ನಂಬುತ್ತೆ.”

“ಅಂದ್ರೆ ಚಾಡಿ,” ಅಂದಳು ಕತ್ತರಿಯಕ್ಕ. “ಕಡ್ಡೀನ ಗುಡ್ಡ ಮಾಡಿ ಹೇಳೋದು.”

“ನಮ್ಮ ಮನೇಲಿ ಅಂಥವರು ಇಲ್ಲ ಅಂದ್ಕೊಂಡಿದ್ದೆ,” ಅಂದ ಗಂಡ.

“ನಿಮ್ಮ ತಂಗೀನ ಮರೆತ್ರಾ?”

ಡಾಕ್ಟರಮ್ಮ ನಕ್ಕುಬಿಟ್ಟರು. ನಗು ಇಳಿದ ಮೇಲೆ ಕತ್ತರಿಯಕ್ಕ, ತಿಂಗಳುಗಟ್ಟಲೆ ಯಾರನ್ನೂ ಕೇಳದೆ ಇಟ್ಟುಕೊಂಡಿದ್ದ ಮಾತನ್ನು ತಗ್ಗಿದ ದನಿಯಲ್ಲಿ ಕೇಳಿದಳು. “ಹಾಗಾದ್ರೆ ನನ್ನ ನೋವು ಸುಳ್ಳಾ, ಡಾಕ್ಟರಮ್ಮ?”

“ನೋವು ನಿಜ. ನೋಡಿ ಇಲ್ಲೇ ಕಾಣ್ತಿದೆಯಲ್ಲ. ನಿಮ್ಮ ಮಿದುಳಿಗೆ ಮುಟ್ಟಿದ್ದು ದೊಡ್ಡ ಸುದ್ದೀನೇ, ಅದಕ್ಕೆ ತಕ್ಕ ನೋವು ನಿಮಗೆ ಆಗಿದೆ. ಸುಳ್ಳು ಯಾವುದು ಅಂದ್ರೆ, ಗಾಯ ಇನ್ನೂ ಇದೆ ಅನ್ನೋದು.”

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಗಂಡ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಬಹಳ ಹೊತ್ತು ಏನನ್ನೋ ಹುಡುಕಿದ.

“ಇನ್ನೊಂದು ಚಿತ್ರ ಇದೆ,” ಎಂದರು ಡಾಕ್ಟರಮ್ಮ. “ಇದು ನೀವು ಮನಸ್ಸಿನಲ್ಲಿ ಕುರಿ ಹಿಡಿದಿದ್ದಾಗ. ಅದೇ ಕುಂಚ, ಅದೇ ಕೈ.” ಬೆನ್ನುಹುರಿಯ ಕಿತ್ತಳೆ ಬೆರಳುದ್ದದಿಂದ ಉಗುರಿನಷ್ಟಕ್ಕೆ ಇಳಿದಿತ್ತು. “ಸುದ್ದಿ ಕೆಳಗಿಂದ ಮೇಲಕ್ಕೆ ಮಾತ್ರ ಅಲ್ಲ, ಮೇಲಿಂದ ಕೆಳಕ್ಕೂ ಹೋಗುತ್ತೆ. ಮಿದುಳು ಕೆಲಸದಲ್ಲಿ ಮುಳುಗಿದ್ದಾಗ ಬೆನ್ನುಹುರಿಗೆ ‘ಸಾಕು, ಸುಮ್ನಿರು’ ಅಂತು. ಅದು ಕೇಳಿತು. ಒಂದೇ ದಿನಕ್ಕೆ ಪೂರ್ತಿ ಕೇಳಲ್ಲ. ಅಭ್ಯಾಸ ಮಾಡಿಸ್ಬೇಕು. ನೋವಾಗದಷ್ಟು ಮೆತ್ತನೆಯದರಿಂದ ಶುರು ಮಾಡಿ, ದಿನಾ ಸ್ವಲ್ಪ ಒರಟು. ಮತ್ತೆ ಯಜಮಾನ್ರೇ, ನೀವು ದಿನಕ್ಕೆ ಎಷ್ಟು ಸಲ ‘ನೋವಾ’ ಅಂತ ಕೇಳ್ತೀರಿ?”

“ಲೆಕ್ಕ ಇಟ್ಟಿಲ್ಲ.”

“ಇನ್ನು ಮೇಲೆ ಕೇಳ್ಬೇಡಿ. ಕೇಳಿದಾಗಲೆಲ್ಲ ಬೆನ್ನುಹುರಿ ಕಿವಿ ಇನ್ನಷ್ಟು ಚುರುಕಾಗುತ್ತೆ.”

ಬಸ್ಸಿನಲ್ಲಿ ಬರುವಾಗ ಗಂಡ ಕೆಂಪು ಬಟ್ಟೆಯ ಗಂಟು ಬಿಚ್ಚಿದ. ಎಲ್ಲಿಡಬೇಕೆಂದು ತೋಚದೆ ಅದರಲ್ಲೇ ಮುಖದ ಬೆವರು ಒರೆಸಿಕೊಂಡ. ಕತ್ತರಿಯಕ್ಕ ಅವನಿಗೆ ಚಾಡಿಯ ವಿಷಯವನ್ನು ತನ್ನ ರೀತಿಯಲ್ಲಿ ವಿವರಿಸಿದಳು. ದೊಡ್ಡಿಯ ಬಾಗಿಲಲ್ಲಿ ಕೋಲು ಅಡ್ಡ ಹಿಡಿದರೆ ಮೊದಲ ಕುರಿ ಹಾರುತ್ತದೆ. ಕೋಲು ತೆಗೆದ ಮೇಲೂ ಹಿಂದಿನವೆಲ್ಲ ಅಲ್ಲೇ ಹಾರುತ್ತವೆ.

“ಹೌದಲ್ಲ,” ಅಂದ ಗಂಡ. “ಅವನ್ನ ನಿಲ್ಲಿಸೋಕೆ ನಾವೇನು ಮಾಡ್ತೀವಿ?”

“ಒಂದೊಂದನ್ನೇ ಬಿಡ್ತೀವಿ. ನಿಧಾನಕ್ಕೆ.”

ಮನೆಗೆ ಬಂದ ಮರುದಿನ ಗಂಡ ಐದು ಬುಟ್ಟಿ ಸಾಲಾಗಿ ಇಟ್ಟ. ಉಣ್ಣೆಯ ದರ್ಜೆ ಅವನಿಗೆ ಕರತಲಾಮಲಕ. ಮೊದಲ ಬುಟ್ಟಿಯಲ್ಲಿ ಎಳೆಮರಿಯ ಹೊಟ್ಟೆಯ ಉಣ್ಣೆ, ತೊಳೆದು ಬಾಚಿದ್ದು. ಎರಡನೆಯದರಲ್ಲಿ ಮರಿಯ ಬೆನ್ನಿನದು. ಮೂರರಲ್ಲಿ ದೊಡ್ಡ ಕುರಿಯ ತೊಳೆದ ಉಣ್ಣೆ, ನಾಲ್ಕರಲ್ಲಿ ತೊಳೆಯದ್ದು. ಐದನೆಯದರಲ್ಲಿ ಟಗರಿನ ಕತ್ತಿನ ಉಣ್ಣೆ. ಜಿಡ್ಡು, ಮಣ್ಣು, ಒಣಮುಳ್ಳು ಸಮೇತ. ಅದನ್ನು ಅವನು ‘ಮಾವನ ಮನೆ’ ಎಂದು ಕರೆದ.

ಬೆಳಗ್ಗೆ ಸಂಜೆ ಹತ್ತು ನಿಮಿಷ ಅವಳು ಕಣ್ಣು ಮುಚ್ಚಿ ಮನಸ್ಸಿನಲ್ಲಿ ಕುರಿ ಹಿಡಿಯುತ್ತಿದ್ದಳು. ಎಡಗೈಯಿಂದ ಉಣ್ಣೆಯನ್ನು ಬಲಗೈ ಮೇಲೆ ಆಡಿಸುತ್ತಿದ್ದಳು. ಒಂದು ವಾರ ಮೊದಲ ಬುಟ್ಟಿ ದಾಟಲಿಲ್ಲ. ಎರಡನೆಯ ವಾರ ಎರಡನೆಯದು. ಆಗ ಗಂಡನಿಗೆ ಹುರುಪು ಬಂದು, “ಮೂರು ಬಿಟ್ಟು ನಾಲ್ಕಕ್ಕೆ ಹೋಗೋಣ, ಕುರಿ ಅಂದ್ರೆ ಹಾರಲೇಬೇಕು,” ಎಂದು ನಾಲ್ಕನೆಯದನ್ನೇ ತಂದ. ಎರಡು ದಿನ ಅವಳು ಕೈ ಎತ್ತಲಿಲ್ಲ. ಡಾಕ್ಟರಮ್ಮ ಫೋನಿನಲ್ಲಿ, “ಇದು ಹೊಸ ಗಾಯ ಅಲ್ಲ, ಚಾಡಿ ಜೋರಾಯ್ತು ಅಷ್ಟೆ. ಒಂದು ಬುಟ್ಟಿ ಹಿಂದಕ್ಕೆ ಬನ್ನಿ, ನಿಲ್ಲಿಸ್ಬೇಡಿ,” ಅಂದರು. ಹಿಂದಕ್ಕೆ ಬಂದರು, ನಿಲ್ಲಿಸಲಿಲ್ಲ.

ನೋವಾ ಎಂದು ಕೇಳಬಾರದಾದ್ದರಿಂದ ಗಂಡನ ನಾಲಿಗೆ ತುರಿಸುತ್ತಿತ್ತು. ಮೂರನೆಯ ದಿನಕ್ಕೆ ಉಪಾಯ ಹುಡುಕಿಕೊಂಡ.

“ಬಿಸಿಲು ಹೇಗಿದೆ?” ಅನ್ನುತ್ತಿದ್ದ ಬಾಗಿಲಿಂದ ಇಣುಕಿ.

“ಇವತ್ತು ಪರವಾಗಿಲ್ಲ,” ಅನ್ನುತ್ತಿದ್ದಳು. ಕೆಲವು ದಿನ, “ಬಿಸಿಲು ಜಾಸ್ತಿ, ಆ ಕಡೆ ಹೋಗಿ,” ಅನ್ನುತ್ತಿದ್ದಳು. ಮೋಡ ಕವಿದ ದಿನವೂ ಇದೇ ಮಾತು ನಡೆಯುವುದನ್ನು ಕೇಳಿದ ಹಾಲಿನವಳು ಇಬ್ಬರಿಗೂ ತಲೆ ಕೆಟ್ಟಿರಬೇಕೆಂದುಕೊಂಡು ಹೋದಳು.

ಐದನೆಯ ವಾರ ಅವಳು ಬಲಗೈಯನ್ನು ಮೊಣಕೈವರೆಗೆ ಮಾವನ ಮನೆಯೊಳಗೆ ತೂರಿಸಿ, ನೂರು ಎಣಿಸಿ, ಹೊರತೆಗೆದಳು. ಅಂದು ಗಂಡ ಹೆಂಡತಿ ಮಾಡಿನ ಕೆಳಗೆ ಕೂತು ಕಾರಣವಿಲ್ಲದೆ ನಕ್ಕರು. ನೋವು ಹೋಗಿರಲಿಲ್ಲ. ಆದರೆ ಮಾತಿಗೆ ಬಗ್ಗುವಷ್ಟಾಗಿತ್ತು.

ನಾದಿನಿಯ ಮನೆಯಲ್ಲಿ ಕೆಲಸ ಶುರುವಾದ ದಿನ ಇಬ್ಬರೂ ಗುಡ್ಡ ಹತ್ತಿದರು. ಅವಳ ದೊಡ್ಡಿ ಕಲ್ಲಿನ ಗೋಡೆಯದು. ಮಧ್ಯದಲ್ಲಿ ಹಲಗೆ, ಪಕ್ಕದಲ್ಲಿ ಉಣ್ಣೆ ತುಂಬುವ ಗೋಣಿಚೀಲ. ನಾದಿನಿ ಕುರಿಯೊಂದನ್ನು ಮುಗಿಸಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅತ್ತಿಗೆಯನ್ನು ಕಂಡು ದನಿ ಇಳಿಸಿದಳು.

“ನೀವ್ಯಾಕೆ ದಣಿದು ಬಂದ್ರಿ ಅತ್ತಿಗೆ. ಬನ್ನಿ, ನೆರಳಲ್ಲಿ ಕೂತ್ಕೊಳ್ಳಿ. ಅಣ್ಣ, ಒಳಗಿಂದ ದಿಂಬು ತಾ.”

“ದಿಂಬು ಬೇಡ,” ಅಂದಳು ಕತ್ತರಿಯಕ್ಕ. “ಕತ್ತರಿ ಕೊಡು.”

ನಾದಿನಿ ಅಣ್ಣನ ಮುಖ ನೋಡಿದಳು. ಅಣ್ಣ ಆಕಾಶ ನೋಡಿದ. ಅವಳು ಕತ್ತರಿಯನ್ನು ಹಿಡಿಯ ಕಡೆಯಿಂದ ಮುಂದೆ ಚಾಚಿದಳು, ಮಗುವಿನ ಕೈಗೆ ಗಾಜಿನ ಲೋಟ ಕೊಡುವವರಂತೆ.

ಮೊದಲ ಕುರಿಯನ್ನು ಗಂಡ ಹಿಡಿದು ತಂದ. ಕತ್ತರಿಯಕ್ಕ ಅದನ್ನು ಕೂಡಿಸಿ, ಮೊಣಕಾಲಿಗೆ ಒರಗಿಸಿಕೊಂಡಳು. ಬುಟ್ಟಿಯ ಉಣ್ಣೆ ತಣ್ಣಗಿರುತ್ತದೆ, ಸುಮ್ಮನಿರುತ್ತದೆ. ಇದು ಬಿಸಿ, ಉಸಿರಾಡುತ್ತದೆ. ಬಲಗೈ ತಗಲಿದೊಡನೆ ಕೆಂಡ ಮೊಣಕೈವರೆಗೆ ಏರಿತು. ಹೊಸ ಜಾಗ ನೋಡಿ ಬೆನ್ನುಹುರಿ ಚಾಡಿ ಹೇಳುತ್ತಿದೆ, ಹೇಳಲಿ ಎಂದುಕೊಂಡು ಕತ್ತರಿಯನ್ನು ಹೊಟ್ಟೆಗೆ ಇಳಿಸಿದಳು. ಮೊದಲ ಹಿಡಿ ಬಂತು. ಎರಡನೆಯದು ಬಂತು. ಅವಳ ಕಣ್ಣು ಕತ್ತರಿಯ ತುದಿಯಲ್ಲಿತ್ತು, ಚರ್ಮ ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂಬುದರಲ್ಲಿತ್ತು. ತೊಡೆ ದಾಟಿ ಕತ್ತಿಗೆ ಬರುವಾಗ, ಹಿಂದೆ ಸರಿಯದೆ ಕೆಲಸ ಮಾಡುತ್ತಿರುವುದು ತನ್ನದೇ ಬಲಗೈ ಎಂದು ಗಮನಕ್ಕೆ ಬಂತು. ಉರಿ ಇತ್ತು. ಅದರ ಪಾಡಿಗೆ ಅದಿತ್ತು.

ಮೊದಲಾದರೆ ಅಷ್ಟು ಹೊತ್ತಿಗೆ ನಾಲ್ಕು ಕುರಿ ಮುಗಿಯುತ್ತಿತ್ತು. ಉಣ್ಣೆ ಮಾತ್ರ ಇಡಿಯಾಗಿ, ಒಂದು ಹರಿದ ಅಂಚೂ ಇಲ್ಲದೆ ಹಲಗೆಯ ಮೇಲೆ ಬಿದ್ದಿತು. ನಾದಿನಿ ಅದನ್ನು ಎತ್ತಿ ಬೆಳಕಿಗೆ ಹಿಡಿದಳು. ಗೋಣಿಗೆ ಹಾಕುವ ಬದಲು ಗೋಡೆಯ ಮೇಲೆ ಹರಡಿದಳು.

ಎರಡನೆಯದು ಇನ್ನಷ್ಟು ಬೇಗ ಆಯಿತು. ಮೂರನೆಯದು ಎಳೆವಯಸ್ಸಿನ ಪೋಕರಿ. ಅರ್ಧಕ್ಕೆ ಬರುವಾಗ ವರ್ಷದಿಂದ ಕೆಲಸ ಕಾಣದ ತೋಳು ಸೋತುಹೋಯಿತು. ಇದು ನೋವಲ್ಲ, ಬರೀ ಸುಸ್ತು. ಅದರ ವ್ಯತ್ಯಾಸ ತಿಳಿದದ್ದೇ ಅವಳಿಗೆ ಸಂತೋಷವಾಯಿತು. ಆ ಸಂತೋಷದಲ್ಲೇ ಕತ್ತರಿ ಜಾರಿ ಬೆನ್ನಿನ ತುಂಬ ಮೆಟ್ಟಿಲು ಬಿತ್ತು. ಕುರಿ ಎದ್ದು, ಮೈ ಕೊಡವಿ, ಎಲ್ಲರಿಗೂ ಕಾಣುವಂತೆ ದೊಡ್ಡಿಯ ನಡುವೆ ನಿಂತಿತು.

ನಾದಿನಿ ಅದರ ಸುತ್ತ ಒಂದು ಸುತ್ತು ಬಂದಳು. ಅವಳ ಬಾಯಿ ಬಿಗಿಯಿತು, ಸಡಿಲಿತು, ಕೊನೆಗೆ ತಡೆಯಲಾಗಲಿಲ್ಲ.

“ಇದೇನೇ ಇದು? ಇಲಿ ಕಡಿದ ಕಂಬಳಿ ಕೂಡ ಇದಕ್ಕಿಂತ ವಾಸಿ. ನಮ್ಮ ಅಣ್ಣನ ಹತ್ರ ಕಲಿತೆಯಾ?”

“ನನ್ನನ್ಯಾಕೆ ಎಳೀತೀಯ?” ಅಂದ ಅಣ್ಣ.

“ನಿನ್ನ ಕುರೀನೇ ಸರಿಯಿಲ್ಲ,” ಅಂದಳು ಕತ್ತರಿಯಕ್ಕ. “ಮಾಲೀಕಳ ಹಾಗೇ, ಕೂತಲ್ಲಿ ಕೂರಲ್ಲ.”

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇದನ್ನ ನಾನು ಲೆಕ್ಕಕ್ಕೆ ಹಿಡಿಯಲ್ಲ, ಹೇಳಿಬಿಟ್ಟಿದ್ದೀನಿ.”

“ಯಾಕೆ ಹಿಡಿಯಲ್ಲ? ಉಣ್ಣೆ ಬಂತೋ ಇಲ್ವೋ?”

“ಅರ್ಧ ಕುರಿ ಮೇಲೇ ಇದೆ. ಬೇಕಾದ್ರೆ ಅರ್ಧ ಹಿಡೀತೀನಿ. ಎರಡೂವರೆ.”

“ಮೂರು.”

“ಎರಡೂವರೆ. ಹೋದ ವರ್ಷ ನಾನು ನಿನ್ನ ಅರವತ್ತೆರಡು ಕುರಿ ತೆಗೆದಾಗ ಒಂದರಲ್ಲಾದ್ರೂ ಇಂಥ ಏಣಿ ಬಿಟ್ಟಿದ್ನಾ? ಅಣ್ಣ, ನೀನೇ ಹೇಳು.”

ಅಣ್ಣ ಹೆಂಡತಿಯನ್ನೂ ತಂಗಿಯನ್ನೂ ನೋಡಿ, ಕುರಿಗೆ ನೀರು ತೋರಿಸುವ ನೆಪದಲ್ಲಿ ಜಾಗ ಖಾಲಿ ಮಾಡಿದ.

ನಾದಿನಿ ಹಲಗೆ ಗುಡಿಸಿ, ಇನ್ನೊಂದು ಕುರಿಯ ಕಾಲು ಹಿಡಿದಳು. ಬೆನ್ನು ತಿರುಗಿಸಿಕೊಂಡೇ ಅಂದಳು: “ಐವತ್ತೊಂಬತ್ತೂವರೆ ಬಾಕಿ. ನಾಳೆ ಬೇಗ ಬಾ. ಸಾಲ ಇಟ್ಕೊಂಡವರು ಬಿಸಿಲು ಏರೋವರೆಗೆ ಮಲಗಬಾರದು.”

“ಐವತ್ತೊಂಬತ್ತು,” ಅಂದಳು ಕತ್ತರಿಯಕ್ಕ, ಬಲಗೈಯ ಬೆರಳುಗಳನ್ನು ಬಿಡಿಸುತ್ತ, ಮಡಿಸುತ್ತ.

“ಐವತ್ತೊಂಬತ್ತೂವರೆ.”